ಕಾರಿಗೆ ಕಟ್ಟಿದ್ದು, ಕಾಯಿಗೆ ದಕ್ಕಿದ್ದು

ಅವರು ಹೋಗಿಬಿಟ್ಟರೆಂಬ ಸುದ್ದಿ ಹಬ್ಬಿದ ಬೆಳಿಗ್ಗೆ ನನಗೆ ಬಂದ ಮೊದಲ ಫೋನು ನಮ್ಮಿಬ್ಬರಿಗೂ ಶಿಷ್ಯನಾಗಿದ್ದವನೊಬ್ಬನದು. ಈಗ ಅವನಿಗೆ ತುಮಕೂರಿನ ಬಟವಾಡಿಯಲ್ಲಿ ಸ್ವಂತ ಔಷಧಿ ಅಂಗಡಿಯಿದೆ, ಮೀಸೆಯಲ್ಲಿ ಬಿಳಿಕೂದಲೂ ಇದೆ. ಸ್ವಲ್ಪ ಹೊತ್ತು ಛೇ ಛೇ ಅಂದ. ಅಂಥ ಮೇಷ್ಟ್ರು ಇನ್ನು ಹುಟ್ಟಲ್ಲ ಅಂದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಅಲ್ಲಾ ಮೇಡಂ, ಆ ಕಾರ್‌ಗಳು ಕೊನೆಗೂ ಒಳಗೋದ್ವಾ?" ಎಂದು ಕೇಳಿದ.

ಹೆಣ ಇನ್ನೂ ಆಸ್ಪತ್ರೆಯಿಂದ ಬಂದಿಲ್ಲ, ಇದೇನು ಕೇಳುವ ಮಾತೇ ಎಂದು ನಾನು ಬೈಯಬೇಕಿತ್ತು. ಬೈಯಲಿಲ್ಲ. ಸುದ್ದಿ ಕೇಳಿದ ತಕ್ಷಣ ನನ್ನ ಮನಸ್ಸಿಗೆ ಬಂದದ್ದೂ ಅದೇ ಪ್ರಶ್ನೆ. ತುಮಕೂರು, ಗುಬ್ಬಿ, ಕುಣಿಗಲ್ ಮೂರು ಕಡೆಯೂ ಅವರನ್ನು ಬಲ್ಲವರು ಎದುರಿಗೆ ಸಿಕ್ಕಾಗ ಆರೋಗ್ಯ ವಿಚಾರಿಸುವ ಬದಲು ಅದನ್ನೇ ಕೇಳುತ್ತಿದ್ದರು. ಅವರೂ ಬೇಸರವಿಲ್ಲದೆ, "ಈ ಸಲ ಕೊಬ್ಬರಿ ಇಳೀಲಿ, ಹೋಗ್ತವೆ" ಅನ್ನುತ್ತಿದ್ದರು.

ಅವರು ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ನಾನು ಗಣಿತದ ಟೀಚರು. ಸ್ಟಾಫ್ ರೂಮಿನಲ್ಲಿ ನಮ್ಮ ಕುರ್ಚಿಗಳು ಅಕ್ಕಪಕ್ಕ. ಹೆಸರು ಬರೆಯುವುದಿಲ್ಲ, ಏಕೆಂದರೆ ಗುಬ್ಬಿಯ ಹತ್ತಿರದ ಅವರ ಊರಿನಲ್ಲಿ ಅವರ ಅತ್ತಿಗೆ ಇದ್ದಾರೆ, ನನಗೆ ಆಕೆಯ ಭಯ ಇನ್ನೂ ಹೋಗಿಲ್ಲ. ಮೇಷ್ಟ್ರು ಮದುವೆ ಮಾಡಿಕೊಳ್ಳಲಿಲ್ಲ. ಬಟವಾಡಿಯಲ್ಲಿ ಒಂದು ಬಾಡಿಗೆ ಮನೆ, ವಾರದ ಕೊನೆಗೆ ಅಣ್ಣನ ತೋಟ, ಇಷ್ಟೇ ಅವರ ಸಂಸಾರ. ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಗರಿಗರಿ ಇಸ್ತ್ರಿಯ ಬಿಳಿ ಷರಟು, ಆ ಷರಟಿನ ಎಡತೋಳಿನಲ್ಲಿ ಯಾವಾಗಲೂ ಗ್ರೀಸಿನ ಒಂದು ಕಲೆ. ಷರಟು ಬದಲಾಗುತ್ತಿತ್ತು, ಕಲೆ ಮಾತ್ರ ಅದೇ ಜಾಗದಲ್ಲಿ ಇರುತ್ತಿತ್ತು.

ಅವರಿಗೆ ಜಗತ್ತೆಲ್ಲ ಕಾರು. ಮಾತಾಡುವಾಗ ಎದುರಿಗಿದ್ದ ಟೇಬಲ್ಲನ್ನೋ ಬೀರುವನ್ನೋ ಅಂಗೈಯಿಂದ ಸವರಿ ಎರಡು ಸಲ ತಟ್ಟುತ್ತಿದ್ದರು, ಬಾನೆಟ್ ಮುಚ್ಚಿದ ಮೇಲೆ ತಟ್ಟುವ ಹಾಗೆ. ಯಾರಾದರೂ ಮಾತಾಡಿದರೆ ಮುಖ ನೋಡುತ್ತಿರಲಿಲ್ಲ. ತಲೆ ಓರೆ ಮಾಡಿ, ಕಣ್ಣು ಅರೆಮುಚ್ಚಿ, ಇಂಜಿನ್ ಸದ್ದು ಕೇಳುವಂತೆ ಕೇಳುತ್ತಿದ್ದರು. ಒಮ್ಮೆ ಹೆಡ್‌ಮಾಸ್ಟರು ಸಿಲಬಸ್ ಮುಗಿದಿಲ್ಲವೆಂದು ಇಡೀ ಸ್ಟಾಫ್ ರೂಮನ್ನು ಚೆನ್ನಾಗಿ ಝಾಡಿಸಿ ಹೋದರು. ನಾವೆಲ್ಲ ತಲೆ ತಗ್ಗಿಸಿ ಕೂತಿದ್ದೆವು. ಮೇಷ್ಟ್ರು ಮಾತ್ರ ಹೆಡ್‌ಮಾಸ್ಟರು ಹೋದ ಬಾಗಿಲನ್ನೇ ನೋಡುತ್ತ, "ಇಂಜಿನ್ ಚೆನ್ನಾಗೈತೆ ಮೇಡಂ, ಸದ್ದು ಜಾಸ್ತಿ, ಟ್ಯಾಪೆಟ್ ಒಂದ್ ಟೈಟ್ ಮಾಡ್ಬೇಕು" ಅಂದರು. ನಾನು ನಕ್ಕಿದ್ದು ಕಾರಿಡಾರಿನ ತುದಿಗೆ ಕೇಳಿಸಿತು. ಹೆಡ್‌ಮಾಸ್ಟರು ವಾಪಸು ಬಂದು ನನ್ನೊಬ್ಬಳಿಗೇ ಬೈದರು.

ಪಾಠವೂ ಹಾಗೇ. ಮಕ್ಕಳಿಗೆ ದೂರದ್ದು ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣುವುದನ್ನು ಕಲಿಸಬೇಕಾದರೆ ಬೇರೆ ಮೇಷ್ಟ್ರುಗಳು ರೈಲ್ವೆ ಹಳಿ ಬರೆಸುತ್ತಾರೆ. ಇವರು ಅಂಬಾಸಿಡರ್ ಕಾರಿನ ಮುಂದಿನ ಎರಡು ದೀಪ ಬರೆಸುತ್ತಿದ್ದರು. ಒಂದು ವರ್ಷ ಡ್ರಾಯಿಂಗ್ ಪರೀಕ್ಷೆಯಲ್ಲಿ 'ಹಳ್ಳಿಯ ಸಂತೆ' ಎಂಬ ವಿಷಯ ಬಂತು. ನಮ್ಮ ಶಾಲೆಯ ಮಕ್ಕಳು ಒಬ್ಬರೂ ಬಿಡದೆ ಬದನೆಕಾಯಿ ರಾಶಿಗೂ ಬಳೆಗಾರನಿಗೂ ನಡುವೆ ಒಂದೊಂದು ಅಂಬಾಸಿಡರ್ ನಿಲ್ಲಿಸಿ ಬಂದಿದ್ದರು. ಬೇರೆ ಊರಿನ ಪರೀಕ್ಷಕರು ನಿಮ್ಮ ಕಡೆ ಸಂತೆಯಲ್ಲಿ ಕಾರು ಮಾರುತ್ತಾರೆಯೇ ಎಂದು ಕೇಳಿದರಂತೆ. ಮೇಷ್ಟ್ರಿಗೆ ನಾಚಿಕೆಯೇನೂ ಆಗಲಿಲ್ಲ. ಒಬ್ಬ ಹುಡುಗ ಬಂಪರ್ ಬರೆಯುವುದನ್ನು ಮರೆತಿದ್ದ, ಅದಕ್ಕೆ ಮಾತ್ರ ಬೇಜಾರು ಮಾಡಿಕೊಂಡರು.

ಅವರ ಹತ್ತಿರ ಮೂರು ಕಾರುಗಳಿದ್ದವು. ಮೂರನ್ನೂ ಬೇರೆಯವರು ಗುಜರಿಗೆ ಹಾಕಬೇಕೆಂದು ತೀರ್ಮಾನಿಸಿದ ಮೇಲೆ ಇವರು ತಂದದ್ದು. ಅಂಬಾಸಿಡರು ಯಾವುದೋ ಆಫೀಸಿನ ಹರಾಜಿನಲ್ಲಿ ಬಂತು. ಎರಡೇ ಬಾಗಿಲಿನ ಹೆರಾಲ್ಡ್ ಕಾರು ಒಬ್ಬ ಹಳೇ ಡಾಕ್ಟರ ಮನೆಯ ಹಿತ್ತಿಲಿನಿಂದ ಬಂತು. ಅದರ ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತಂತೆ, ಮರಿ ಮಾಡುವ ತನಕ ಇವರು ಕಾದು ಆಮೇಲೆ ತಂದರಂತೆ. ಮೂರನೆಯದು ಪದ್ಮಿನಿ. ಅದರ ಕಥೆಯನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ಮುಂದಿನ ರಾಮಾಯಣಕ್ಕೆಲ್ಲ ಅದೇ ಮೂಲ.

ಮೇಷ್ಟ್ರು ಚಿಕ್ಕವರಿದ್ದಾಗಲೇ ಅವರ ತಾಯಿ ತೀರಿಕೊಂಡಿದ್ದರು. ಸಾಕಿದವರು ಅತ್ತಿಗೆ. ಆಕೆ ಮದುವೆಯಾಗಿ ಆ ಮನೆಗೆ ಬಂದಾಗ ಇವರಿನ್ನೂ ಪ್ರೈಮರಿ ಸ್ಕೂಲು. ತಲೆಗೆ ಎಣ್ಣೆ ಹಾಕಿ, ಬುತ್ತಿ ಕಟ್ಟಿ, ಓದಿಸಿ, ಕೆಲಸಕ್ಕೆ ಸೇರಿದ ಮೇಲೆ ಹೆಣ್ಣು ಹುಡುಕುವುದಕ್ಕೂ ಆಕೆಯೇ ನಿಂತರು. ಹೆಣ್ಣು ಸಿಕ್ಕಿತು, ಕುಣಿಗಲ್ಲಿನಲ್ಲಿ. ಅತ್ತಿಗೆ, ಅಣ್ಣ, ಮೇಷ್ಟ್ರು ಹೊಸ ಬಟ್ಟೆ ಹಾಕಿಕೊಂಡು ಬಸ್ಸಿನಲ್ಲಿ ಹೋದರು. ಉಪ್ಪಿಟ್ಟು, ಕೇಸರಿಬಾತು ಬಂತು. ಕೈ ತೊಳೆದು ಬರುತ್ತೇನೆಂದು ಹಿತ್ತಿಲಿಗೆ ಹೋದ ವರ ವಾಪಸು ಬರಲಿಲ್ಲ. ಹೆಣ್ಣು ಕಾಫಿ ತಟ್ಟೆ ಹಿಡಿದು ಬಂದು ನಿಂತಿತು, ನೋಡುವವನೇ ಇಲ್ಲ. ಹುಡುಕಿದರೆ ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲಿನ ಅಡಿ ಹೂತುಹೋಗಿದ್ದ ಒಂದು ಪದ್ಮಿನಿ ಕಾರು, ಅದರ ಕೆಳಗಿನಿಂದ ಹೊಸ ಪ್ಯಾಂಟು ತೊಟ್ಟ ಎರಡು ಕಾಲು.

ಆ ಹುಡುಗಿ ಬಹಳ ಚುರುಕು ಇರಬೇಕು. ಕಾಲು ನೋಡಿದ್ದಾಯಿತು, ಮುಖ ನೋಡುವ ಅಗತ್ಯವಿಲ್ಲ ಎಂದು ಅಪ್ಪನಿಗೆ ಹೇಳಿ ಕಾಫಿ ತಟ್ಟೆ ಸಮೇತ ಒಳಗೆ ಹೋದಳಂತೆ. ಸಂಬಂಧ ಅಲ್ಲಿಗೆ ಮುಗಿಯಿತು. ಆದರೆ ಮೇಷ್ಟ್ರು ಆ ಮನೆಗೆ ಹೋಗುವುದನ್ನು ಬಿಡಲಿಲ್ಲ. ಹುಡುಗಿಗೆ ಬೇರೆ ಕಡೆ ಮದುವೆಯಾದ ಮೇಲೆ, ಇವರ ಕಾಟ ತಾಳಲಾರದೆ ಅವಳ ಅಪ್ಪ ಕಾರನ್ನು ಕೊಟ್ಟರು. ಮೇಷ್ಟ್ರು ಅದನ್ನು ನೆಟ್ಟಗೆ ಮನೆಗೆ ತರಲಿಲ್ಲ. ಮೊದಲು ಯಡಿಯೂರಿಗೆ ಒಯ್ದು ಪೂಜೆ ಮಾಡಿಸಿದರು. ಚಕ್ರಕ್ಕಿಟ್ಟ ನಿಂಬೆಹಣ್ಣು ತುಳಿಯುವಷ್ಟು ದೂರ ಹೋಗಿ ಅದು ನಿಂತಿತು. ದರ್ಶನಕ್ಕೆ ಬಂದ ಭಕ್ತರು ಹೈವೇವರೆಗೂ ತಳ್ಳಿದರು. ಅಂತೂ ಮನೆಗೆ ಬಂದಾಗ ಅತ್ತಿಗೆ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಹೆಣ್ ತತ್ತಾನೆ ಅಂತ ಕಳ್ಸುದ್ರೆ ಇದನ್ನ ತಂದವ್ನೆ" ಎಂದು ಗಂಡನಿಗೆ ಹೇಳಿ, ಕಾರಿನ ಕಡೆ ತಿರುಗಿ, "ಬಾರವ್ವ ವಾರಗಿತ್ತಿ, ಚೆನ್ನಾಗಿದೀಯಾ?" ಅಂದರಂತೆ.

ಅಂದಿನಿಂದ ಆ ಕಾರಿಗೆ ಆ ಮನೆಯಲ್ಲಿ ವಾರಗಿತ್ತಿ ಎಂದೇ ಹೆಸರು. ವಾರಗಿತ್ತಿ ಅಂಗಳದ ತುಂಬ ಎಣ್ಣೆ ಸೋರಿಸ್ತಾಳೆ, ವಾರಗಿತ್ತಿ ಹೊಗೆ ಬಿಡ್ತಾಳೆ, ವಾರಗಿತ್ತಿಗೆ ನಾಲ್ಕು ಜನ ತಳ್ಳದಿದ್ದರೆ ಹೆಜ್ಜೆ ಕೀಳೋಕಾಗಲ್ಲ. ಆಕೆ ಇದನ್ನೆಲ್ಲ ನಗುತ್ತಲೇ ಹೇಳುತ್ತಿದ್ದರು. ಆದರೆ ಕುಣಿಗಲ್ಲಿನ ಹೆಣ್ಣಿನ ಮನೆಯವರೆದುರು ಆದ ಅವಮಾನ ಆಕೆಯ ಹೊಟ್ಟೆಯಿಂದ ಹೋಗಿರಲಿಲ್ಲ, ಅದು ನನಗೂ ಗೊತ್ತಾಗುತ್ತಿತ್ತು.

ಮೂರು ಕಾರುಗಳೂ ತೋಟದಲ್ಲಿ ತೆಂಗಿನ ಮರಗಳ ಕೆಳಗೆ ಟಾರ್ಪಾಲು ಹೊದ್ದು ನಿಂತಿರುತ್ತಿದ್ದವು. ಮಳೆ ಬಂದರೆ ಮೇಷ್ಟ್ರಿಗೆ ತುಮಕೂರಿನಲ್ಲಿ ಸಮಾಧಾನವಿರುತ್ತಿರಲಿಲ್ಲ. ಕ್ಲಾಸಿನ ನಡುವೆಯೇ ಕಿಟಕಿಗೆ ಹೋಗಿ ಗುಬ್ಬಿ ದಿಕ್ಕಿನ ಮೋಡ ನೋಡುತ್ತಿದ್ದರು. ಒಂದು ದಿನ ಹೆರಾಲ್ಡಿನ ತಲೆಯ ಮೇಲೆ ತೆಂಗಿನಕಾಯಿ ಬಿತ್ತು. ಸೋಮವಾರ ಬಂದವರು ಬೆಳಗಿನಿಂದಲೇ ಏನೋ ಗೀಚುತ್ತ ಕೂತಿದ್ದರು. ಮಧ್ಯಾಹ್ನ ಒಂದು ಡ್ರಾಯಿಂಗ್ ಹಾಳೆ ಬಿಡಿಸಿ ನನ್ನ ಮುಂದೆ ಹರಡಿ, ಗ್ಯಾರೇಜು ಕಟ್ತೀನಿ ಅಂದರು. ಇಟ್ಟಿಗೆ ಗೋಡೆ ಬೇಡ, ತೇವ ಹಿಡಿಯುತ್ತದೆ, ಕಾರಿಗೆ ತುಕ್ಕು ಬರುತ್ತದೆ. ಪೂರ್ತಿ ಸ್ಟೀಲು. ಕಂಬ, ತೊಲೆ, ಮೇಲೆ ಶೀಟು. ಮೇಸ್ತ್ರಿಯೂ ಬೇಡ, ತಾವೇ ಕಟ್ಟುವುದು.

ತುಮಕೂರಿನ ಕೈಗಾರಿಕಾ ಪ್ರದೇಶದಲ್ಲಿ ಕಬ್ಬಿಣ ಕತ್ತರಿಸಿ, ತೂತು ಕೊರೆಸಿ, ಪ್ರತಿ ತುಂಡಿಗೂ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಲಾರಿಯಲ್ಲಿ ಸಾಗಿಸಿದರು. ತೋಟದಲ್ಲಿ ಸಿಡಿಲು ಬಡಿದು ನಾಲ್ಕಾರು ಮರ ಹೋಗಿದ್ದ ಬಯಲು ಜಾಗವಿತ್ತು. ಅಲ್ಲಿ ಕಂಬದ ಗುಂಡಿಗಳನ್ನು ತೋಡಿ, ಕಾಂಕ್ರೀಟು ಹಾಕಿ, ಅದರಲ್ಲಿ ಬೋಲ್ಟು ನೆಟ್ಟರು. ಭಾನುವಾರಗಳಲ್ಲಿ ನನಗೂ ನಮ್ಮ ಯಜಮಾನರಿಗೂ ಬುಲಾವು. ನಾಲ್ಕು ಮೂಲೆಯೂ ಸರಿಯಾದ ಲಂಬಕೋನವಾಗಿದೆಯೋ ಇಲ್ಲವೋ ನೋಡಿ ಹೇಳುವುದು ಗಣಿತದ ಟೀಚರ ಕೆಲಸ, ಟೇಪಿನ ಇನ್ನೊಂದು ತುದಿ ಹಿಡಿದು ನಿಲ್ಲುವುದು ಟೀಚರ ಗಂಡನ ಕೆಲಸ. ಮೂಲೆಯಿಂದ ಮೂಲೆಗೆ ಅಳೆದೆವು. ಎರಡು ಅಳತೆಯೂ ಒಂದೇ ಬರಬೇಕು, ಬರಲಿಲ್ಲ. ಒಂದು ಬೆರಳಿನಷ್ಟು ವ್ಯತ್ಯಾಸ. ಕಾರಿಗೆ ಅದು ಗೊತ್ತಾಗುತ್ತದೆಯೇ ಎಂದು ನಮ್ಮ ಯಜಮಾನರು ಕೇಳಿದರು. ಮೇಷ್ಟ್ರು ಅವರನ್ನು ನೋಡಿದ ನೋಟವನ್ನು ನಾನು ಈಗಲೂ ಮರೆತಿಲ್ಲ. ಅಂದು ಬೆಳಗಿನ ಕೆಲಸವನ್ನೆಲ್ಲ ಕಿತ್ತು ಮತ್ತೆ ಮಾಡಿಸಿದರು.

ಕಟ್ಟುವುದರಲ್ಲಿ ಅವರಿಗೆ ಒಂದು ನಿಯಮ. ಮೊದಲು ಎಲ್ಲ ಬೋಲ್ಟನ್ನೂ ಬೆರಳಿನಿಂದಲೇ ತಿರುಗಿಸಿ ಸಡಿಲವಾಗಿ ಕೂಡಿಸಬೇಕು. ಇಡೀ ಚೌಕಟ್ಟು ನಿಂತು, ರಸಮಟ್ಟ ಇಟ್ಟು ನೋಡಿ, ನೆಟ್ಟಗಿದೆ ಎಂದಾದ ಮೇಲೆಯೇ ಸ್ಪಾನರ್ ಹಿಡಿಯಬೇಕು. "ಬೆರಳಿಗೆ ತಿರುಗದೇ ಇರೋ ಬೋಲ್ಟನ್ನ ಸ್ಪಾನರಲ್ಲಿ ತಿರುಗಿಸಬೇಡಿ ಮೇಡಂ, ತಪ್ಪು ಬೇರೆ ಕಡೆ ಇರುತ್ತೆ" ಅನ್ನುತ್ತಿದ್ದರು. ಕಬ್ಬಿಣಕ್ಕೆ ಬಹಳ ಒಳ್ಳೆಯ ನಿಯಮ. ಮೇಷ್ಟ್ರು ಅದನ್ನು ಬದುಕಿಗೂ ಹಚ್ಚಿಕೊಂಡಿದ್ದರು, ಅಲ್ಲೇ ಯಡವಟ್ಟಾದದ್ದು. ಮದುವೆ, ಆಸ್ತಿ ಭಾಗ, ಪ್ರಮೋಷನ್ನು, ಎಲ್ಲವೂ ಬೆರಳಿನಲ್ಲಿ ತಿರುಗಿಸಿಟ್ಟ ಬೋಲ್ಟುಗಳು. ಯಾವುದಕ್ಕೂ ಅವರು ಸ್ಪಾನರ್ ಹಿಡಿಯಲೇ ಇಲ್ಲ.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಗ್ಯಾರೇಜು ಎದ್ದು ನಿಂತಿತು. ನಿಜ ಹೇಳಬೇಕೆಂದರೆ ನಾನು ಅಷ್ಟು ನಿರೀಕ್ಷಿಸಿರಲಿಲ್ಲ. ಮುಂದೊಂದು ದಿನ ಕಾರನ್ನು ಮೇಲೆತ್ತಿ ಅಡಿಯಲ್ಲಿ ನಿಂತು ರಿಪೇರಿ ಮಾಡಬೇಕೆಂದು ಸೂರು ಬಹಳ ಎತ್ತರ. ತೇವ ನಿಲ್ಲಬಾರದೆಂದು ಪಕ್ಕದ ಶೀಟುಗಳಲ್ಲಿ ಕೆಳಗೂ ಮೇಲೂ ಗಾಳಿಗಂಡಿ. ಕೆಳಗಿನಿಂದ ತಣ್ಣನೆ ಗಾಳಿ ಒಳಗೆ ಬಂದು, ಬಿಸಿಯಾಗಿ, ಮೇಲಿನಿಂದ ಹೊರಗೆ ಹೋಗುತ್ತದೆ. ನೆಲ ಅಂಗಳಕ್ಕಿಂತ ಎತ್ತರ. ಒಳಗೆ ನಿಂತರೆ ಮೇ ತಿಂಗಳಿನಲ್ಲೂ ಹಾಯೆನಿಸುತ್ತಿತ್ತು. ಮೇಷ್ಟ್ರು ಒಂದು ಕಂಬವನ್ನು ಸವರಿ, ಎರಡು ಸಲ ತಟ್ಟಿದರು. ಅವರ ಕಣ್ಣು ತುಂಬಿತ್ತು.

"ನನಗಿನ್ನೇನೂ ಬೇಡ ಮೇಡಂ. ಆ ಪದ್ಮಿನಿನ ಒಳಗೆ ನಿಲ್ಸಿ, ಹೊರಗೆ ನಿಂತ್ಕೊಂಡು ಒಂದು ಮಳೆ ನೋಡ್ಬೇಕು. ಅಷ್ಟೇ."

ಕಾರುಗಳ ಗೃಹಪ್ರವೇಶಕ್ಕೆ ಇಡೀ ಸ್ಟಾಫಿಗೆ ಕರೆ ಬಂತು. ನಾವು ಹೋದಾಗ ಮೂರು ಕಾರೂ ಚೆಂಡುಹೂವಿನ ಹಾರ ಹಾಕಿಕೊಂಡು ಸಾಲಾಗಿ ನಿಂತಿದ್ದವು. ಒಬ್ಬಟ್ಟಿನ ವಾಸನೆ ಬರುತ್ತಿತ್ತು. ಪೂಜಾರಿಗಳು ಬರುವುದು ತಡವಾಯಿತು. ಅಷ್ಟರಲ್ಲಿ ಅತ್ತಿಗೆ ಗ್ಯಾರೇಜಿನ ನಡುವೆ ಬಂದು ನಿಂತು, ತಲೆಯೆತ್ತಿ ಸೂರನ್ನು ನೋಡಿದರು. ಗಾಳಿಗಂಡಿಯ ಹತ್ತಿರ ಹೋಗಿ ಅಂಗೈ ಹಿಡಿದು ಗಾಳಿ ನೋಡಿದರು. ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದ ಯಾರೇ ಆದರೂ ಹಾಗೆ ಅಂಗೈ ಹಿಡಿಯುವುದು ಏಕೆಂದು ನನಗೆ ಗೊತ್ತು.

ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡಿ ಒಂದು ವರ್ಷ ಮುಟ್ಟದೆ ಬಿಡಬೇಕು. ಅಟ್ಟ ಎತ್ತರವಿರಬೇಕು, ತೇವ ಇರಬಾರದು, ಕೆಳಗಿನಿಂದ ಮೇಲಕ್ಕೆ ಗಾಳಿ ಆಡುತ್ತಿರಬೇಕು. ಒಳಗಿನ ನೀರೆಲ್ಲ ಇಂಗಿ, ಕಾಯಿ ಅಲ್ಲಾಡಿಸಿದರೆ ಒಣಗಿದ ಕೊಬ್ಬರಿ ಗಿಟುಕು ಗಡಗಡ ಎನ್ನುವವರೆಗೆ ಅದನ್ನು ಇಳಿಸುವ ಹಾಗಿಲ್ಲ. ಮೇಷ್ಟ್ರು ಮೂರು ಕಾರುಗಳಿಗೆಂದು ಲೆಕ್ಕ ಹಾಕಿ, ಅಳೆದು, ಬೆವರು ಸುರಿಸಿ ಕಟ್ಟಿದ್ದು ಇಡೀ ಗುಬ್ಬಿ ತಾಲ್ಲೂಕಿನಲ್ಲೇ ಇಲ್ಲದಂಥ ಕೊಬ್ಬರಿ ಅಟ್ಟವನ್ನು. ಅಡ್ಡಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸುವುದೊಂದೇ ಬಾಕಿ. ತೆಂಗಿನ ತೋಟದಲ್ಲೇ ಹುಟ್ಟಿದ ಮನುಷ್ಯನಿಗೆ ಇದು ಹೊಳೆಯದೇ ಹೋದದ್ದು ಹೇಗೋ, ದೇವರೇ ಬಲ್ಲ.

ಅತ್ತಿಗೆಯ ಕಷ್ಟವೂ ಸುಳ್ಳಾಗಿರಲಿಲ್ಲ. ಹಳೇ ಮನೆಯ ಅಟ್ಟದ ತೊಲೆಗೆ ಗೆದ್ದಲು ಹತ್ತಿತ್ತು. ಕೀಳಿಸಿದ ಕಾಯಿ ಅಂಗಳದಲ್ಲಿ ರಾಶಿ ಬಿದ್ದಿತ್ತು. ಮಳೆ ಹಿಡಿದರೆ ಎಲ್ಲ ಮೊಳಕೆ. ಆಕೆ ಮೈದುನನ ಹತ್ತಿರ ಬಂದು, ನಾವೆಲ್ಲ ಕೇಳುವ ಹಾಗೆ, ಬಹಳ ಮೆತ್ತಗೆ ಹೇಳಿದರು: "ಇದೊಂದ್ ಸಲಕ್ಕೆ ಕಣಪ್ಪ. ಮುಂದಿನ್ ವರ್ಷಕ್ಕೆ ನಿನ್ ಅಟ್ಟ ನಿಂಗೆ."

"ಅಟ್ಟ ಅಲ್ಲ ಅತ್ತಿಗೆ, ಗ್ಯಾರೇಜು" ಅಂದರು ಮೇಷ್ಟ್ರು. ಅಷ್ಟು ತಿದ್ದಿ, ಒಪ್ಪಿಬಿಟ್ಟರು. ಆಮೇಲೆ ನಾನು ಕೇಳಿದ್ದಕ್ಕೆ, ಅತ್ತಿಗೆ ಎದುರು ನಿಂತರೆ ತಾನಿನ್ನೂ ಚಡ್ಡಿ ಹಾಕಿಕೊಂಡಿರುವ ಹಾಗೆ ಅನ್ನಿಸುತ್ತದೆ ಎಂದರು. ನಾವು ಒಬ್ಬಟ್ಟು ಉಂಡು ಬಂದೆವು. ಹಾರ ಹಾಕಿಕೊಂಡ ಕಾರುಗಳು ಮರದ ಕೆಳಗೇ ಉಳಿದವು. ಆ ಸಂಜೆಯೇ ದಬ್ಬೆ ಬಂತಂತೆ.

ಮುಂದಿನ ವರ್ಷ ಎನ್ನುವುದು ಬರಲೇ ಇಲ್ಲ. ತೆಂಗು ವರ್ಷಕ್ಕೊಮ್ಮೆ ಬಿಡುವ ಬೆಳೆಯಲ್ಲವಲ್ಲ. ಒಂದು ಮೂಲೆಯ ಕೊಬ್ಬರಿ ಇಳಿಯುವ ಹೊತ್ತಿಗೆ ಇನ್ನೊಂದು ಮೂಲೆಗೆ ಹಸಿ ಕಾಯಿ ಏರಿರುತ್ತಿತ್ತು. ಇಳಿದ ಕಾಯಿಯ ಸಿಪ್ಪೆ ಕೆಳಗಡೆ, ಕಾರು ನಿಲ್ಲಬೇಕಿದ್ದ ಜಾಗದಲ್ಲಿ, ಗುಡ್ಡೆ ಬೀಳುತ್ತಿತ್ತು. ಒಂದಿಷ್ಟು ಸಿಪ್ಪೆ ಸರಿಸಿ ಕೆಳಗಾದರೂ ನಿಲ್ಲಿಸಿ ಎಂದು ನಾನು ಸಲಹೆ ಕೊಟ್ಟೆ. ಅಟ್ಟದ ಮೇಲೆ ಕೊಳೆತ ಕಾಯಿಯ ನೀರು ತೊಟ್ಟಿಕ್ಕಿದರೆ ಕಾರಿನ ಬಣ್ಣ ಹೋಗುತ್ತದೆ ಎಂದರು. ಅಟ್ಟದ ಕೆಳಗೆ ತಗಡು ಹೊಡೆಯಿರಿ ಎಂದೆ. ತಗಡು ಹೊಡೆದರೆ ಗಾಳಿ ನಿಲ್ಲುತ್ತದೆ, ಕೊಬ್ಬರಿ ಕೆಡುತ್ತದೆ ಎಂದು ಅತ್ತಿಗೆಯ ಪರವಾಗಿ ಅವರೇ ವಾದ ಮಾಡಿದರು. ಅಷ್ಟರಲ್ಲಿ ಅವರಿಗೂ ಆ ಕೊಬ್ಬರಿಯ ಮೇಲೆ ಒಂದು ಥರ ಮಮತೆ ಹುಟ್ಟಿತ್ತು.

ಹುಟ್ಟದೇ ಇನ್ನೇನು? ಅವರ ಹೆಸರು ಹಬ್ಬಿದ್ದೇ ಅದರಿಂದ. ಆ ಅಟ್ಟದ ಕೊಬ್ಬರಿ ಬಹಳ ಬಿಳುಪು, ಒಂದು ಗಿಟುಕೂ ಹಾಳಾಗುವುದಿಲ್ಲ ಎಂಬ ಸುದ್ದಿ ಸುತ್ತಮುತ್ತ ಹರಡಿತು. ಭಾನುವಾರ ಬಂತೆಂದರೆ ಯಾರಾದರೂ ಬೈಕಿನಲ್ಲಿ ಬಂದು ಇಳಿಯುತ್ತಿದ್ದರು. ಟಾರ್ಪಾಲು ಹೊದ್ದ ಕಾರುಗಳನ್ನು ದಾಟಿಕೊಂಡು ನೇರ ಒಳಗೆ ಹೋಗಿ, ತಲೆಯೆತ್ತಿ ನೋಡಿ, ಅಂಗೈ ಹಿಡಿಯುತ್ತಿದ್ದರು. ಅಟ್ಟದ ಅಳತೆ ಹೇಳಿ ಸಾರ್ ಅನ್ನುತ್ತಿದ್ದರು. ಅಟ್ಟ ಅಲ್ಲ, ಗ್ಯಾರೇಜು ಎಂದು ಮೇಷ್ಟ್ರು ತಿದ್ದುತ್ತಿದ್ದರು. ಹೂಂ ಸಾರ್, ಅಟ್ಟದ ಅಳತೆ ಹೇಳಿ ಎಂದು ಅವರು ಮತ್ತೆ ಕೇಳುತ್ತಿದ್ದರು. ಹೇಳಿಕೊಡದೆ ಕಳಿಸುವುದು ಮೇಷ್ಟ್ರ ಜಾಯಮಾನವಲ್ಲ. ಕಂಬದ ದಪ್ಪ, ಗಾಳಿಗಂಡಿಯ ಅಗಲ, ಬೋಲ್ಟನ್ನು ಬೆರಳಿನಲ್ಲಿ ತಿರುಗಿಸುವ ನಿಯಮ, ಎಲ್ಲವನ್ನೂ ಕುಳಿತು ವಿವರಿಸುತ್ತಿದ್ದರು. ಕುಣಿಗಲ್ ಕಡೆಯ ತೋಟಗಳಲ್ಲಿಯೂ ಅಂಥವೇ ಎದ್ದವು. ಆ ಅಟ್ಟಗಳಲ್ಲಿ ಯಾವುದಕ್ಕೂ ಕಾರಿನ ಗಂಧಗಾಳಿಯಿಲ್ಲ. ಆದರೂ ಎಲ್ಲದರ ಬಾಗಿಲೂ ಒಂದು ಪದ್ಮಿನಿ ಸಲೀಸಾಗಿ ಹೋಗುವಷ್ಟೇ ಅಗಲ, ಏಕೆಂದರೆ ಅಳತೆ ಮೇಷ್ಟ್ರದು.

ಕೊನೆಗೆ ಗುಬ್ಬಿಯಲ್ಲಿ ತೆಂಗು ಬೆಳೆಗಾರರೆಲ್ಲ ಸೇರಿ ಅವರಿಗೆ ಸನ್ಮಾನ ಇಟ್ಟುಕೊಂಡರು. ನಾನು ಹೋಗದೆ ಇರುತ್ತೇನೆಯೇ? ಮುಂದಿನ ಸಾಲಿನಲ್ಲೇ ಕೂತೆ. ಶಾಲು, ಪೇಟ, ಹಣ್ಣಿನ ಬುಟ್ಟಿ. ಬೆಳೆಗಾರರ ಹಿರಿಯರೊಬ್ಬರು ಶಾಲು ಹೊದಿಸಿ, ಮಾದರಿ ಕೊಬ್ಬರಿ ಅಟ್ಟದ ಶಿಲ್ಪಿ ಎಂದು ಹೊಗಳಿದರು. ಮೇಷ್ಟ್ರು ಪೇಟ ಸರಿಮಾಡಿಕೊಂಡು ಮೈಕಿನ ಮುಂದೆ ನಿಂತು, ಹಳೇ ಕಾರನ್ನು ಕಾಪಾಡುವುದು ಹೇಗೆ ಎಂದು ಶುರುಮಾಡಿದರು. ಬ್ಯಾಟರಿ ವೈರು ಬಿಚ್ಚಿಡಬೇಕು, ಟೈರಿನ ಕೆಳಗೆ ಹಲಗೆ ಇಡಬೇಕು, ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಡಬಾರದು. ಸಭೆ ಭಕ್ತಿಯಿಂದ ಕೇಳಿತು. ಕಾಯಿಗೂ ಇದೆಲ್ಲ ಏನೋ ಸಂಬಂಧವಿರಬೇಕೆಂದು ಒಬ್ಬರಿಬ್ಬರು ತಲೆಯೂ ಆಡಿಸಿದರು. ಶಾಲು ಹೊದಿಸಿ ಕೆಳಗಿಳಿದು ಬಂದು ಕೂತಿದ್ದ ಆ ಹಿರಿಯರು ಮಾತ್ರ ನನ್ನ ಕಡೆ ಬಗ್ಗಿ, "ಟ್ಯಾಂಕ್ ಎಲ್ ಬತ್ತದೆ ಮೇಡಂ ಅಟ್ಟಕ್ಕೆ?" ಎಂದು ಕೇಳಿದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಎರಡನೇ ಸಾಲಿನಲ್ಲಿ ಅತ್ತಿಗೆ ಕೂತಿದ್ದರು. ಆಕೆ ನಗಲಿಲ್ಲ. ಶಾಲು ಹೊದ್ದ ಮೈದುನನನ್ನು ನೋಡುತ್ತ, ಆತ ಬ್ಯಾಟರಿ ವೈರಿನ ವಿಷಯ ಹೇಳುವಾಗ ಮೆಲ್ಲಗೆ ತಲೆ ತಗ್ಗಿಸಿದರು. ಆಗ ನನಗೆ ಅದು ಹೆಮ್ಮೆಯ ಸಂಕೋಚ ಅನ್ನಿಸಿತ್ತು.

ರಿಟೈರಾದ ಮೇಲೆ ಮೇಷ್ಟ್ರು ಬಟವಾಡಿ ಮನೆಯನ್ನು ಬಿಡಲಿಲ್ಲ. ಸಂಜೆ ಹೊತ್ತು ನಮ್ಮ ಮನೆಗೆ ಬಂದು ಕಾಫಿ ಕುಡಿಯುತ್ತಿದ್ದರು. ನಾನು ಗೃಹಪ್ರವೇಶ ಯಾವಾಗ ಸಾರ್ ಎಂದು ಕಿಚಾಯಿಸುತ್ತಿದ್ದೆ, ಅವರು ನಗುತ್ತಿದ್ದರು. ಒಂದು ದಿನ ಜೋರು ಮಳೆ. ನಗಲಿಲ್ಲ. ಕಿಟಕಿಯ ಕಡೆಯೇ ನೋಡುತ್ತ, ಪದ್ಮಿನಿಯ ಬಾಗಿಲ ಕೆಳಗೆ ತುಕ್ಕು ತೂತು ಮಾಡಿದೆ, ಬೆರಳು ತೂರುತ್ತದೆ ಎಂದರು. ಒಂದು ಸಲ ಕೇಳಿಬಿಡಿ, ಅತ್ತಿಗೆ ಏನು ಹೊಡೆಯುತ್ತಾರಾ ಎಂದೆ. "ಕೇಳುದ್ರೆ ಕೊಟ್ಬುಡ್ತಾರೆ ಮೇಡಂ. ಅದಕ್ಕೇ ಕೇಳಲ್ಲ" ಅಂದರು. ನಾನು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ. ಬಹಳ ಸಂಕಟವಾಯಿತು.

ಮೊನ್ನೆಯ ಮಳೆಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಸೇರಿದವರು ವಾಪಸು ಬರಲಿಲ್ಲ. ಔಷಧಿ ಅಂಗಡಿಯವನ ಫೋನು ಇಟ್ಟು ನಾವು ತೋಟಕ್ಕೆ ಹೊರಟೆವು. ದಾರಿಯುದ್ದಕ್ಕೂ ಮಳೆ. ಅಂಗಳದಲ್ಲಿ ಮೊಣಕಾಲುದ್ದ ಕೆಸರು, ಹಾಕಿದ ಶಾಮಿಯಾನ ನೀರು ತುಂಬಿ ಕುಸಿದಿತ್ತು. ಹಳೇ ಮನೆಯ ಜಗುಲಿ ಕಿರಿದು, ಬಂದಿದ್ದ ಜನ ಹೆಚ್ಚು. ಆಂಬುಲೆನ್ಸು ಬಂದು ನಿಂತಿದೆ, ಎಲ್ಲಿ ಮಲಗಿಸುವುದೆಂದು ಗಂಡಸರು ಪಿಸಪಿಸ ಮಾತಾಡುತ್ತಿದ್ದರು. ಅತ್ತಿಗೆ ಜಗುಲಿಯಿಂದ ಇಳಿದು ಬಂದರು. ಗ್ಯಾರೇಜಿನ ಸಿಪ್ಪೆಯನ್ನೆಲ್ಲ ಎತ್ತಿ ಆಚೆ ಹಾಕಿ ಎಂದರು. ಮಳೆಯಲ್ಲಿ ನೆನೆಯುತ್ತದಲ್ಲ ಅಮ್ಮ ಎಂದು ಯಾರೋ ರಾಗ ಎಳೆದರು. ಆಕೆ ಆ ಕಡೆ ನೋಡಿದ್ದೇ ಸಾಕಾಯಿತು. ಇಷ್ಟು ವರ್ಷ ಖಾಲಿ ಮಾಡಲು ಆಗುವುದೇ ಇಲ್ಲವೆಂದಿದ್ದ ಜಾಗ, ಒಂದು ಕಾಫಿ ಕುಡಿದು ಮುಗಿಸುವ ಹೊತ್ತಿನಲ್ಲಿ ಖಾಲಿಯಾಯಿತು. ಅದನ್ನು ನೋಡಿ ನನಗೆ ಸಿಟ್ಟೇ ಬಂತು.

ಮೇಷ್ಟ್ರನ್ನು ಒಳಗೆ ಮಲಗಿಸಿದರು. ಕಾರು ಹೋಗದೆ ಅವರೊಬ್ಬರೇ ಹೋದರಲ್ಲ ಎಂದು ಯೋಚಿಸುತ್ತ ನಾನು ಕಂಬಕ್ಕೆ ಒರಗಿ ನಿಂತೆ. ಅತ್ತಿಗೆ ತಲೆದೆಸೆಯಲ್ಲಿ ಕೂತಿದ್ದವರು ಇದ್ದಕ್ಕಿದ್ದಂತೆ ಎದ್ದು ಹೊರಗೆ ನೋಡಿದರು.

"ನನ್ ವಾರಗಿತ್ತೀನ ಯಾಕ್ ಮಳೇಲಿ ನಿಲ್ಸಿದೀರ? ಒಳಿಕ್ ಕರ್ಕಂಡ್ ಬನ್ನಿ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮೊದಲು ಓಡಿದ್ದು ನಾನು. ಟಾರ್ಪಾಲು ಎಳೆದೆವು. ಪದ್ಮಿನಿ ಎಂದಿನ ಹಾಗೆ ಸ್ಟಾರ್ಟ್ ಆಗಲಿಲ್ಲ. ನಮ್ಮ ಹಳೇ ಹೆಡ್‌ಮಾಸ್ಟರು, ನಮ್ಮ ಯಜಮಾನರು, ನಾನು, ಊರಿನವರು, ಎಲ್ಲ ಸೇರಿ ಕೆಸರಿನಲ್ಲಿ ಜಾರುತ್ತ ತಳ್ಳಿದೆವು. ಹೆಡ್‌ಮಾಸ್ಟರು ಏದುಸಿರು ಬಿಡುತ್ತ ಎಲ್ಲರಿಗೂ ಆರ್ಡರ್ ಮಾಡುತ್ತಿದ್ದರು. ಟ್ಯಾಪೆಟ್ ಇನ್ನೂ ಟೈಟಾಗಿಲ್ಲ ಎಂದುಕೊಂಡೆ, ಅಳುವಿನ ನಡುವೆಯೇ ನಗು ಬಂತು. ಕಾರು ಬಾಗಿಲಲ್ಲಿ ಎಲ್ಲಿಯೂ ತಾಗದೆ ನೆಟ್ಟಗೆ ಒಳಗೆ ಹೋಗಿ ಅವರ ಪಕ್ಕದಲ್ಲಿ ನಿಂತಿತು. ಎರಡು ಕಡೆಯೂ ಸಮ ಜಾಗ ಉಳಿದಿತ್ತು. ಅಟ್ಟದಿಂದ ಒಂದು ಹನಿ ಬಾನೆಟ್ಟಿನ ಮೇಲೆ ಬಿತ್ತು. ಅತ್ತಿಗೆ ಅದನ್ನು ಸೆರಗಿನಿಂದ ಒರೆಸಿ, ತಲೆಯೆತ್ತಿ ಕಾಯಿಗಳನ್ನು ಬಹಳ ಹೊತ್ತು ನೋಡಿದರು.

ಹೊರಗೆ ಮಳೆ ಸುರಿಯುತ್ತಿತ್ತು, ಕಾರು ಒಳಗಿತ್ತು. ಮೇಷ್ಟ್ರು ಕೇಳಿದ್ದೂ ಇಷ್ಟೇ. ಹೊರಗೆ ನಿಂತು ನೋಡಬೇಕಿದ್ದವರು ಒಳಗೆ ಮಲಗಿದ್ದರು, ವ್ಯತ್ಯಾಸ ಅದೊಂದೇ. ಸಂಜೆ ಔಷಧಿ ಅಂಗಡಿಯವನಿಗೆ ನಾನೇ ಫೋನ್ ಮಾಡಿ, ಒಂದು ಒಳಗೋಯ್ತು ಕಣೋ ಎಂದೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಮತ್ತೆ ಹೋದೆವು. ಮೂರು ತಾಲ್ಲೂಕಿನಿಂದ ಜನ ಬಂದಿದ್ದರು, ಮೇಷ್ಟ್ರ ಅಳತೆ ತೆಗೆದುಕೊಂಡು ಹೋಗಿ ಕಟ್ಟಿದವರೇ ಹೆಚ್ಚು. ಗ್ಯಾರೇಜಿನೊಳಗೆ ಮೂರು ಕಾರುಗಳೂ ತೊಳೆಸಿಕೊಂಡು ಸಾಲಾಗಿ ನಿಂತಿದ್ದವು. ಮೇಲೆ ನೋಡಿದರೆ ದಬ್ಬೆಯೂ ಇಲ್ಲ, ಕಾಯಿಯೂ ಇಲ್ಲ, ಸೂರಿನ ತನಕ ಬರೀ ಗಾಳಿ. ಇಳಿಸಿದ ಕಾಯಿಗಳು ಮರದ ಕೆಳಗೆ ರಾಶಿ ಬಿದ್ದಿದ್ದವು. ಆ ಕಡೆ ತೆಂಗಿನಕಾಯಿಯೂ ಅಲ್ಲ, ಈ ಕಡೆ ಕೊಬ್ಬರಿಯೂ ಅಲ್ಲ, ಅರ್ಧ ವರ್ಷದವು. ನಮ್ಮ ಸೀಮೆಯಲ್ಲಿ ಹಾಗೆ ಯಾರಾದರೂ ಅಟ್ಟ ಇಳಿಸಿದ್ದನ್ನು ನಾನು ಕಂಡಿದ್ದಿಲ್ಲ, ಕೇಳಿದ್ದೂ ಇಲ್ಲ. ಮೇಷ್ಟ್ರಿಗೆ ಶಾಲು ಹೊದಿಸಿದ್ದ ಆ ಹಿರಿಯರು ರಾಶಿಯಿಂದ ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಇನ್ನೂ ನೀರು ಕುಲುಕುತ್ತಿತ್ತು.

"ಇದೇನಮ್ಮ, ಇಂಥಾ ಅಟ್ಟನ ಖಾಲಿ ಮಾಡ್ಬುಟ್ರಲ್ಲ" ಅಂದರು.

ಅತ್ತಿಗೆ ಪದ್ಮಿನಿಯ ಬಾಗಿಲ ಹತ್ತಿರ, ಮೇಷ್ಟ್ರ ಹಳೇ ಬನಿಯನ್ನೊಂದನ್ನು ಹಿಡಿದು ಗಾಜು ಒರೆಸುತ್ತಿದ್ದರು. ಕೈ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

"ಅಟ್ಟ ಅಲ್ಲ ಕಣಪ್ಪ, ಗ್ಯಾರೇಜು" ಅಂದರು.